ಕೊರಳಿಗೆ ಪೆಟ್ಟು ಬಿದ್ದವನಿಂದ ಮೊದಲು ‘ಕಬಡ್ಡಿ’ ಅನ್ನಿಸುತ್ತೇನೆ

ಭತ್ತದ ಕಟಾವು ಮುಗಿದು ಜಾತ್ರೆಗಳು ಶುರುವಾದವೆಂದರೆ ಗಂಗಾವತಿ, ಕಾರಟಗಿ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ. ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಸಂಘಟಕರು ಕರೆದು ಮ್ಯಾಟ್ ಪಕ್ಕ ಕೂರಿಸುತ್ತಾರೆ. ಅಲ್ಲಿ ಮೊಣಕಾಲು, ಕಣಕಾಲು, ಭುಜದ ಪೆಟ್ಟೇ ಹೆಚ್ಚು. ಅವಕ್ಕೆ ಐಸ್ ಇಟ್ಟು, ಬ್ಯಾಂಡೇಜ್ ಸುತ್ತಿ, ನಾಳೆ ತೋರಿಸು ಎನ್ನಬಹುದು. ಕೊರಳು, ಎದೆಯ ಪೆಟ್ಟಿಗೆ ಮಾತ್ರ ನಾಳೆ ಎನ್ನುವಂತಿಲ್ಲ.

ಗದ್ದ ತಗ್ಗಿಸಿ ನಿಂತವನ ಧ್ವನಿಪೆಟ್ಟಿಗೆಗೆ ದವಡೆಯೇ ಕಾವಲು. ರೈಡರ್ ಹಾಗೆ ನಿಲ್ಲಲಾರ. ತಲೆ ಎತ್ತಿ, ಕೊರಳು ಚಾಚಿ, ಮತ್ತೆ ಉಸಿರು ಎಳೆಯದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ನುಗ್ಗುತ್ತಾನೆ. ಆಗ ಡ್ಯಾಶ್ ಮಾಡಲು, ಅಂದರೆ ಗುದ್ದಿ ಹೊರದಬ್ಬಲು, ಬಂದವನ ಮೊಣಕೈ ಗಂಟಲಿಗೆ ತಾಗಿದರೆ ಮುಂದಿನ ಮೃದ್ವಸ್ಥಿ (ಮೆತ್ತನೆ ಎಲುಬು) ಹಿಂದಿರುವ ಕತ್ತಿನ ಮೂಳೆಗೆ ಒತ್ತಿ ಬಿರಿಯಬಹುದು. ಅದರ ಕೆಳಗಿನ ಕ್ರೈಕಾಯ್ಡ್ ಎಂಬ ಮೃದ್ವಸ್ಥಿಯೊಂದೇ ಉಸಿರಿನ ದಾರಿಯಲ್ಲಿ ಪೂರ್ತಿ ಉಂಗುರ. ಶ್ವಾಸನಾಳದ ಉಂಗುರಗಳಿಗೆ ಹಿಂಬದಿ ಬಾಯಿ ತೆರೆದಿದೆ. ಹಾಗಾಗಿ ಕ್ರೈಕಾಯ್ಡ್ ಮುರಿದು ಒಳಗೆ ಬಾವು ಬಂದರೆ ಅದಕ್ಕೆ ಹೊರಗೆ ಹಿಗ್ಗಲು ಜಾಗವಿಲ್ಲ, ಉಸಿರಿನ ದಾರಿಯೇ ಕಿರಿದಾಗುತ್ತದೆ.

ಅದಕ್ಕೇ ಬಿದ್ದವನಿಂದ ನಾನು ಮೊದಲು ‘ಕಬಡ್ಡಿ’ ಅನ್ನಿಸುತ್ತೇನೆ. ಆಟದುದ್ದಕ್ಕೂ ಅವನ ದನಿ ಕೇಳಿರುತ್ತೇನೆ, ಸ್ವಲ್ಪ ಬದಲಾದರೂ ಗೊತ್ತಾಗುತ್ತದೆ. ಕಾರಟಗಿ ಕಡೆಯ ಒಬ್ಬ ಹುಡುಗ ಎದ್ದು ನಿಂತು, ‘ಏನೂ ಆಗಿಲ್ಲ ಬಿಡ್ರಿ ಸರ್’ ಅಂದ. ಅವನ ಗೆಳೆಯರಿಗೆ ಅದು ಸಮಾಧಾನದ ಮಾತು. ನನಗೆ ಆ ಗೊಗ್ಗರು ದನಿ ಕೇಳಿಯೇ ದಿಗಿಲಾಯಿತು. ಉಗುಳಿದ್ದರಲ್ಲಿ ರಕ್ತದ ಎಳೆ ಇತ್ತು. ಕೊರಳ ಮೇಲೆ ಬೆರಳಿಟ್ಟರೆ ಚರ್ಮದಡಿ ಮಂಡಕ್ಕಿ ಒತ್ತಿದ ಹಾಗೆ ಚಿರಿಚಿರಿ. ಗಾಳಿ ತನ್ನ ದಾರಿ ಬಿಟ್ಟು ಚರ್ಮದ ಕೆಳಗೆ ಸೇರಿದಾಗಲೇ ಹೀಗಾಗುವುದು.

ಅವರಣ್ಣ ಬಾಟಲಿ ಹಿಡಿದು, ‘ಒಂದು ಗುಟುಕು ನೀರು ಕುಡಸ್ತೀನ್ರಿ’ ಅಂತ ಓಡಿ ಬಂದ. ಬೇಡ ಎಂದೆ. ಅನ್ನನಾಳಕ್ಕೂ ಪೆಟ್ಟಾಗಿರಬಹುದು, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಕೊರಳು ತಿಕ್ಕಲೂ ಬಿಡಲಿಲ್ಲ. ಕತ್ತಿನ ಮೂಳೆಗೆ ನೋವಿಲ್ಲ, ಕೈಕಾಲಿನಲ್ಲಿ ಜೋಮಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದೆ ಬಾಗಿಸಿ ಕೂರಿಸಿದೆ. ಇಂಥವರನ್ನು ಅಂಗಾತ ಮಲಗಿಸಿದರೆ ಉಸಿರು ಇನ್ನಷ್ಟು ಕಷ್ಟವಾಗುತ್ತದೆ. ಗಂಗಾವತಿಯಲ್ಲಿ ಆಕ್ಸಿಜನ್ ಹಾಕಿಸಿ ಬಳ್ಳಾರಿಗೆ ಕಳಿಸಿದೆವು. ಸ್ಕ್ಯಾನ್‌ನಲ್ಲಿ ಮೃದ್ವಸ್ಥಿ ಬಿರುಕು ಬಿಟ್ಟಿತ್ತು, ಜರುಗಿರಲಿಲ್ಲ. ಬಾವು ಗಂಟೆಗಳ ನಂತರವೂ ಏರುವುದುಂಟು, ಅದಕ್ಕೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿದರು. ಈಗ ಅವನ ದನಿ ಮೊದಲಿನಂತಿದೆ.

ಎದೆಗೆ ಬಿದ್ದ ಪೆಟ್ಟಿಗೂ ‘ಕಬಡ್ಡಿ’ಯೇ ನನ್ನ ಅಳತೆ. ಪಕ್ಕೆಲುಬು ಹನ್ನೆರಡು ಜೊತೆ, ನಡುವಿನವೇ ಹೆಚ್ಚು ಮುರಿಯುವುದು. ಮೇಲೆ ಮೂಗೇಟು ಕಾಣದಿರಬಹುದು, ಮೊದಲ ಎಕ್ಸರೇಯಲ್ಲೂ ಬಿರುಕು ತಪ್ಪಿಹೋಗಬಹುದು. ಎರಡು ಸಲ ಕಬಡ್ಡಿ ಎನ್ನುವಷ್ಟರಲ್ಲಿ ಪಕ್ಕೆ ಹಿಡಿದು ನಿಂತರೆ ಅವನನ್ನು ಮತ್ತೆ ಮ್ಯಾಟ್‌ಗೆ ಬಿಡುವುದಿಲ್ಲ. ಏದುಸಿರು ಹೆಚ್ಚುತ್ತಾ ಎದೆಯ ಒಂದು ಬದಿ ಏಳದಿದ್ದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿರುವ ಸಂಶಯ, ನೇರ ಆಸ್ಪತ್ರೆ.

ನಮ್ಮ ಕಡೆ ಇನ್ನೂ ಎದೆಗೆ ಬಟ್ಟೆ ಬಿಗಿದು ಕಟ್ಟುತ್ತಾರೆ. ದಯವಿಟ್ಟು ಕಟ್ಟಬೇಡಿ. ನೋವಿಗೆ ಹೆದರಿ ಅರ್ಧ ಉಸಿರು ಎಳೆಯುವವನ ಎದೆ ಬಿಗಿದರೆ ಕಫ ಒಳಗೇ ಕಟ್ಟಿ ನ್ಯುಮೋನಿಯಾ ಆಗಬಹುದು. ವೈದ್ಯರು ಕೊಟ್ಟ ನೋವಿನ ಮಾತ್ರೆ ಹಾಕಿಸಿ, ತಾಸಿಗೊಮ್ಮೆ ಆಳವಾಗಿ ಉಸಿರು ಎಳೆಸುತ್ತೇನೆ. ದಿಂಬು ಎದೆಗವಚಿಕೊಂಡು ಕೆಮ್ಮುವುದನ್ನು ಕಲಿಸುತ್ತೇನೆ. ಮೂಳೆ ಕೂಡಲು ಸುಮಾರು 6 ವಾರ. ಆಮೇಲೂ ಒಂದು ರೈಡಿನ ಪೂರ್ತಿ 30 ಸೆಕೆಂಡ್ ನೋವಿಲ್ಲದೆ ಕಬಡ್ಡಿ ಎಂದರಷ್ಟೇ ಅಭ್ಯಾಸಕ್ಕೆ ಬಿಡುವುದು.

ನನಗೆ ಹೆಚ್ಚು ಭಯ ಇರುವುದು ಹೈಸ್ಕೂಲ್ ಹುಡುಗರ ಬಗ್ಗೆ. ಅವರ ಎದೆಗೂಡು ಇನ್ನೂ ಮೆತ್ತಗೆ. ಕ್ರಿಕೆಟ್ ಚೆಂಡೋ ಮೊಣಕೈಯೋ ಹೃದಯದ ನೇರಕ್ಕೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಬಿದ್ದರೆ, ಮೂಳೆ ಮುರಿಯದೆಯೂ ಹೃದಯದ ಲಯ ಕೆಟ್ಟು ಕುಸಿಯುತ್ತಾರೆ. ಇದಕ್ಕೆ ಕಮೋಷಿಯೋ ಕಾರ್ಡಿಸ್ ಎನ್ನುತ್ತಾರೆ. 2023ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಕುಸಿದದ್ದು ಇದರಿಂದಲೇ. ಮೈದಾನದಲ್ಲೇ ಸಿಪಿಆರ್, ಅಂದರೆ ಎದೆ ಒತ್ತುವ ಚಿಕಿತ್ಸೆ, ಸಿಕ್ಕಿತು, ಬದುಕಿದರು, ಮತ್ತೆ ಆಡಿದರು.

ಹೊಟ್ಟೆಗೆ ಗುದ್ದು ಬಿದ್ದು ಉಸಿರು ಕಟ್ಟಿದವನು ಎಚ್ಚರವಾಗಿರುತ್ತಾನೆ, ಒದ್ದಾಡುತ್ತಾನೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಾನೆ. ಹೃದಯದ ಲಯ ಕೆಟ್ಟವನು ಕರೆದರೆ ಓಗೊಡುವುದಿಲ್ಲ, ಉಸಿರಾಟ ಸರಿಯಿರುವುದಿಲ್ಲ. ಆಗ ಮುಖಕ್ಕೆ ನೀರು ಚಿಮುಕಿಸುತ್ತಾ, ಈರುಳ್ಳಿ ಮೂಸಿಸುತ್ತಾ ಕೂತರೆ ಹುಡುಗ ಕೈತಪ್ಪುತ್ತಾನೆ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಕೈ ಊರಿ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಲೇ ಇರಬೇಕು. ಲಯ ಸರಿಪಡಿಸುವ ಎಇಡಿ ಯಂತ್ರ ಹತ್ತಿರದಲ್ಲಿದ್ದರೆ ತಡಮಾಡದೆ ತರಿಸಬೇಕು.

ಈಗ ಪಂದ್ಯಕ್ಕೆ ಒಪ್ಪುವ ಮುಂಚೆ ಸಂಘಟಕರಿಗೆ ಎರಡು ಷರತ್ತು ಹಾಕುತ್ತೇನೆ. ಉದ್ಘಾಟನೆಗೆ ಮೊದಲು ಅರ್ಧ ತಾಸು ಊರಿನ ಯುವಕರನ್ನು ಕೂರಿಸಿಕೊಡಬೇಕು, ದಿಂಬಿನ ಮೇಲೆ ಒತ್ತುವುದನ್ನು ಕಲಿಸುತ್ತೇನೆ. ಮತ್ತೆ, ಒಂದು ಗಾಡಿ ರಸ್ತೆಗೆ ಮುಖ ಮಾಡಿ ನಿಂತಿರಬೇಕು, ಡ್ರೈವರ್ ಆಟ ನೋಡಲು ಒಳಗೆ ಬರಬಾರದು. ಎರಡನೆಯದಕ್ಕೆ ಡ್ರೈವರ್ ಒಪ್ಪುವುದು ಕಷ್ಟ, ಆದರೂ ಬಿಡುವುದಿಲ್ಲ.