ಕಪಾಟಿಗೆ ದಾನಿಗಳುಂಟು, ಕರೆಂಟು ಬಿಲ್ಲಿಗಿಲ್ಲ

ಹೊರನಾಡಿನಲ್ಲಿ ಕನ್ನಡ ಗ್ರಂಥಾಲಯ ನಡೆಸುವವರಿಗೆ ಪುಸ್ತಕದ ಕೊರತೆ ಕಾಡುವುದು ಅಪರೂಪ. ಕಾಡುವುದು ಬಾಗಿಲು ತೆರೆದಿಡುವ ಖರ್ಚು. ಮುಂಬಯಿಯ ಮಧ್ಯ ರೈಲ್ವೆಯ ಉಪನಗರವೊಂದರಲ್ಲಿ ನಮ್ಮ ಸಂಘ ನಡೆಸುವ ವಾಚನಾಲಯದ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಮೊದಲು ಓದಿದ್ದು ಅಲ್ಲಿನ ಕಾದಂಬರಿಗಳನ್ನಲ್ಲ, ಹಳೆಯ ಲೆಕ್ಕದ ಪುಸ್ತಕಗಳನ್ನು. ಕಬ್ಬಿಣದ ಕಪಾಟು ಕೊಟ್ಟವರ ಹೆಸರಿತ್ತು, ಫ್ಯಾನು ಕೊಟ್ಟವರ ಹೆಸರಿತ್ತು, ಗೋಡೆ ಗಡಿಯಾರ ಕೊಟ್ಟವರ ಹೆಸರು ಗಡಿಯಾರದ ಮೇಲೆಯೇ ಮುಳ್ಳಿಗಿಂತ ದೊಡ್ಡದಾಗಿ ಇತ್ತು. ಆದರೆ ಬಾಡಿಗೆ, ವಿದ್ಯುತ್ ಬಿಲ್ಲು, ಕಸ ಗುಡಿಸುವ ಹೆಂಗಸಿನ ಸಂಬಳ, ಪೇಪರಿನವನ ತಿಂಗಳ ಬಾಕಿ, ಇವುಗಳ ಎದುರು ಯಾವ ದಾನಿಯ ಹೆಸರೂ ಇರಲಿಲ್ಲ. ಸಂಘದ ಸಾಮಾನ್ಯ ನಿಧಿಯಿಂದ ವರ್ಷವರ್ಷವೂ ಅಷ್ಟಿಷ್ಟು ಕಿತ್ತು ತುಂಬಿಸಿದ್ದರು. ಆ ನಿಧಿ ಬಡವಾದ ವರ್ಷ ಮೊದಲು ಕತ್ತರಿ ಬೀಳುತ್ತಿದ್ದದ್ದು ವಾಚನಾಲಯದ ವೇಳೆಗೆ.

ಕರ್ನಾಟಕದಿಂದ ಬಂದ ನೆಂಟರು "ಸರ್ಕಾರ ಕೊಡುವುದಿಲ್ಲವೇ?" ಎಂದು ಕೇಳುತ್ತಾರೆ. ಅಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ, ಗ್ರಂಥಾಲಯವನ್ನು ಇಲಾಖೆಯೇ ನಡೆಸುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯ ಸ್ವರೂಪವೇ ಬೇರೆ. ಇಲ್ಲಿ ಗ್ರಂಥಾಲಯ ಕರವಿಲ್ಲ. ಊರಿನ ಜನರೇ ಸಂಸ್ಥೆ ಕಟ್ಟಿಕೊಂಡು ಗ್ರಂಥಾಲಯ ನಡೆಸಬೇಕು, ಸರ್ಕಾರದ ಮಾನ್ಯತೆ ಸಿಕ್ಕರೆ ಅ, ಬ, ಕ, ಡ ಎಂಬ ವರ್ಗಕ್ಕೆ ತಕ್ಕಂತೆ ಅನುದಾನ ಬರುತ್ತದೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. 1898ರಲ್ಲಿ ಆರಂಭವಾದ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯವನ್ನು ಕಟ್ಟಿದ್ದು ಕೂಡ ಓದುವ ಜನರೇ ಹೊರತು ಸರ್ಕಾರವಲ್ಲ. ಆದರೆ ನಮ್ಮಂಥ ಒಂದು ಕೋಣೆಯ ವಾಚನಾಲಯ ಅನುದಾನವನ್ನೇ ನೆಚ್ಚಿಕೊಂಡು ದಿನ ದೂಡುವುದು ಸಾಧ್ಯವಿಲ್ಲ ಎಂದು ನಾವು ಆರಂಭದಲ್ಲಿಯೇ ನಿರ್ಧರಿಸಿದೆವು.

ನಾನು ಮಾಡಿದ ಮೊದಲ ಕೆಲಸವೆಂದರೆ ಇಡೀ ವರ್ಷದ ಖರ್ಚನ್ನು ಕೂಡಿಸಿ ದಿನಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಿದ್ದು. ಹತ್ತಿರ ಹತ್ತಿರ 500 ರೂಪಾಯಿ ಬಂತು. ಈ ಒಂದು ಅಂಕಿ ಮುಂದಿನ ಎಲ್ಲವನ್ನೂ ಸುಲಭ ಮಾಡಿತು. "ವಾಚನಾಲಯಕ್ಕೆ ಸಹಾಯ ಮಾಡಿ" ಎಂದು ಕೇಳಿದಾಗ ನಾಳೆ ನೋಡೋಣ ಎನ್ನುತ್ತಿದ್ದವರು, "ನಿಮ್ಮ ತಂದೆಯವರ ಪುಣ್ಯತಿಥಿಯ ದಿನದ ಖರ್ಚನ್ನು ನೀವು ನೋಡಿಕೊಳ್ಳುತ್ತೀರಾ?" ಎಂದರೆ ಅಲ್ಲಿಯೇ ಒಪ್ಪುತ್ತಿದ್ದರು. ಆ ದಿನ ಬಾಗಿಲ ಬಳಿಯ ಕರಿಹಲಗೆಯಲ್ಲಿ "ಇಂದಿನ ವಾಚನಾಲಯ ಇಂಥವರ ಸ್ಮರಣೆಯಲ್ಲಿ" ಎಂದು ಬರೆದು, ಅದರ ಫೋಟೋ ತೆಗೆದು ಮನೆಯವರಿಗೆ ವಾಟ್ಸಾಪಿನಲ್ಲಿ ಕಳುಹಿಸುತ್ತೇವೆ. ಫಲಕದಲ್ಲಿ ಶಾಶ್ವತವಾಗಿ ಹೆಸರು ಕೊರೆಸುವ ಆಸೆ ನಮ್ಮ ಜನರಿಗೆ ಇದ್ದೇ ಇದೆ, ಅದನ್ನು ಗೇಲಿ ಮಾಡುವ ಅಗತ್ಯವಿಲ್ಲ. ಕಲ್ಲಿನ ಫಲಕಕ್ಕೆ ಗೋಡೆ ಸಾಲದು, ಸೀಮೆಸುಣ್ಣದ ಹಲಗೆಯಲ್ಲಾದರೆ ವರ್ಷದ ಪ್ರತಿ ದಿನಕ್ಕೂ ಜಾಗವಿದೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಮಗ ಸಿಎ ಪಾಸಾದ ದಿನ, ಎಲ್ಲವೂ ಬಂದವು. ಮಳೆಗಾಲದ ದಿನಗಳು ಮಾತ್ರ ಹೆಚ್ಚಾಗಿ ಖಾಲಿ ಉಳಿಯುತ್ತವೆ, ಏಕೆಂದರೆ ನಮ್ಮವರ ಮದುವೆಗಳು ನಡೆಯುವುದು ಮೇ ತಿಂಗಳಿನಲ್ಲಿ.

ಹೋಟೆಲು ಉದ್ಯಮಿಗಳನ್ನು ಬಿಟ್ಟು ಮುಂಬಯಿಯ ಕನ್ನಡ ಸಂಸ್ಥೆಗಳ ಧನಸಂಗ್ರಹದ ಮಾತು ಪೂರ್ತಿಯಾಗುವುದಿಲ್ಲ. ಅವರ ಬಳಿ ಹೋಗುವುದಕ್ಕೆ ಒಂದು ಹೊತ್ತಿದೆ. ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು, ಸಂಜೆಯ ಚಹಾದ ಗದ್ದಲ ಶುರುವಾಗುವ ಮೊದಲು, ಮೂರರಿಂದ ನಾಲ್ಕೂವರೆಯ ನಡುವೆ ಹೋಗಬೇಕು. ಗಲ್ಲಾದಲ್ಲಿ ಕುಳಿತವರು ಆಗ ಮಾತಿಗೆ ಸಿಗುತ್ತಾರೆ. ಊರು ಯಾವುದು, ಮನೆ ಯಾವುದು ಎಂಬ ವಿಚಾರಣೆ ಮುಗಿಯುವವರೆಗೂ ರಸೀದಿ ಪುಸ್ತಕವನ್ನು ಚೀಲದಿಂದ ಹೊರತೆಗೆಯಬಾರದು. ಹೀಗೆ ಹೋದಾಗ ನನಗೆ ತಿಳಿದ ಸಂಗತಿಯೆಂದರೆ, ಇವರಲ್ಲಿ ಅನೇಕ ಹಿರಿಯರು ಎಳೆ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು. ಅಂಥವರಿಗೆ ಓದುವ ಕೋಣೆ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಒಬ್ಬರು ದುಡ್ಡಿನ ಬದಲು ಪ್ರತಿ ಭಾನುವಾರ ಸ್ವಯಂಸೇವಕರಿಗೆ ಇಡ್ಲಿ, ವಡೆ ಕಳುಹಿಸುತ್ತೇನೆಂದರು, ಇಂದಿಗೂ ಕಳುಹಿಸುತ್ತಿದ್ದಾರೆ. ಭಾನುವಾರದ ಹಾಜರಿಗೂ ಆ ವಡೆಗೂ ಇರುವ ಸಂಬಂಧವನ್ನು ನಾನು ಪರೀಕ್ಷಿಸಲು ಹೋಗಿಲ್ಲ.

ಸ್ಮರಣ ಸಂಚಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸಂಘದ ಕೆಲವರಿಗೆ ಹಿಡಿಸಿಲ್ಲ. ವಾರ್ಷಿಕೋತ್ಸವಕ್ಕೆ ಸಂಚಿಕೆ ತರುವುದು, ಹಿಂಬದಿಯ ರಕ್ಷಾಪುಟಕ್ಕೆ ಇಷ್ಟು, ಪೂರ್ಣ ಪುಟಕ್ಕೆ ಇಷ್ಟು, ಅರ್ಧ ಪುಟಕ್ಕೆ ಇಷ್ಟು ಎಂದು ಜಾಹೀರಾತು ಎತ್ತುವುದು ಇಲ್ಲಿನ ಹಳೆಯ ದಾರಿ. ಅದರಿಂದ ಹಣ ಬರುವುದು ನಿಜ, ಆದರೆ ಮುದ್ರಣ, ಸಭಾಗೃಹದ ಬಾಡಿಗೆ, ಅತಿಥಿಗಳ ಶಾಲು, ಹಾರ, ಊಟ ಎಂದು ಬಂದದ್ದರ ದೊಡ್ಡ ಪಾಲು ಅಲ್ಲಿಯೇ ಕರಗುತ್ತದೆ. ಅದಕ್ಕಿಂತ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ನಮಗೆ ಹೆಚ್ಚು ಒದಗಿತು. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಮುಂಬಯಿಗೆ ಬರುವ ರೂಢಿಯಿದೆ. ಪೂರ್ಣ ಪ್ರಮಾಣದ ಬಯಲಾಟಕ್ಕೆ ವೇಷಭೂಷಣ, ರಂಗಸ್ಥಳ, ದೊಡ್ಡ ತಂಡ ಎಲ್ಲವೂ ಬೇಕು. ತಾಳಮದ್ದಳೆಗೆ ಹಿಮ್ಮೇಳ ಮತ್ತು ನಾಲ್ಕೈದು ಮಂದಿ ಅರ್ಥಧಾರಿಗಳು ಕುಳಿತರೆ ಸಾಕು. ಶಾಲೆಯೊಂದರ ಸಭಾಂಗಣ ಕಡಿಮೆ ಬಾಡಿಗೆಗೆ ಸಿಗುತ್ತದೆ. ಟಿಕೆಟು ಇಡದೆ, ಪ್ರವೇಶ ದ್ವಾರದಲ್ಲಿ ವಾಚನಾಲಯದ ದಿನದರ್ಶಿಕೆಯನ್ನು ಹರಡಿ ಖಾಲಿ ದಿನಗಳನ್ನು ತೋರಿಸುತ್ತೇವೆ. ವಾದ ಕೇಳಿ ಹುರುಪುಗೊಂಡ ಜನ ಹೊರಗೆ ಬರುವಾಗ ಒಂದಾದರೂ ದಿನ ಹಿಡಿಯುತ್ತಾರೆ.

ರಸೀದಿಯ ಶಿಸ್ತನ್ನು ನಮ್ಮ ಖಜಾಂಚಿ ಕಲಿಸಿದರು. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆಯ 80ಜಿ ಮಾನ್ಯತೆ ಸಂಸ್ಥೆಗೆ ಇದ್ದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಗಲ್ಲಾದಿಂದ ನೋಟಿನ ಕಟ್ಟು ಎಣಿಸಿ ಕೊಡಲು ಬರುವವರನ್ನು ನಯವಾಗಿ ಚೆಕ್ಕಿಗೋ ಯುಪಿಐಗೋ ಒಪ್ಪಿಸಬೇಕು. 2021-22ರ ಆರ್ಥಿಕ ವರ್ಷದಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸಿ, ಅವರಿಗೆ 10ಬಿಇ ಪ್ರಮಾಣಪತ್ರ ಕೊಡುವ ನಿಯಮ ಬಂದಿತು. ಮೇ 31ರ ಗಡುವು ಎದುರಿಗೆ ಬಂದಾಗ ಪ್ಯಾನ್ ಸಂಖ್ಯೆಗಾಗಿ ಅಲೆಯುವುದಕ್ಕಿಂತ ರಸೀದಿ ಬರೆಯುವಾಗಲೇ ಕೇಳಿಬಿಡುವುದು ಒಳ್ಳೆಯದು. ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರ ತರುಣರಿಗೆ 80ಜಿಯಿಂದ ಯಾವ ಲಾಭವೂ ಇಲ್ಲ, ಆದ್ದರಿಂದ ಅವರೆದುರು ಆ ಮಾತೆತ್ತುವುದನ್ನು ಬಿಟ್ಟಿದ್ದೇವೆ. ವಿದೇಶದಲ್ಲಿರುವ ಮಕ್ಕಳ ದಾನದಲ್ಲಿಯೂ ಒಂದು ಸೂಕ್ಷ್ಮವಿದೆ. ದುಬೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಹೊಂದಿದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ನಾವು ಅವರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಪ್ರೀತಿಯಿಂದ ಕಳುಹಿಸಲು ಮುಂದಾದವರಿಗೆ ಬೇಡವೆನ್ನುವುದು ಸುಲಭದ ಕೆಲಸವಲ್ಲ.

ಇನ್ನು ಸ್ವಯಂಸೇವಕರು. ಮುಂಬಯಿಯಲ್ಲಿ ಸ್ವಯಂಸೇವಕರ ಪಟ್ಟಿಯನ್ನು ಉತ್ಸಾಹ ನೋಡಿ ತಯಾರಿಸಬಾರದು, ವಿಳಾಸ ನೋಡಿ ತಯಾರಿಸಬೇಕು. ಭಾನುವಾರ ಬಂದರೆ ಹಳಿ ದುರಸ್ತಿಗೆಂದು ಲೋಕಲ್ ಓಡಾಟ ತಡೆಯುವ ರೈಲಿನವರ ಮೆಗಾ ಬ್ಲಾಕ್. ಎರಡು ನಿಲ್ದಾಣ ಆಚೆಯಿರುವ ಉತ್ಸಾಹಿ ತರುಣ ಬರುವಷ್ಟರಲ್ಲಿ ಓದುಗರು ಬೀಗ ನೋಡಿ ಮರಳಿರುತ್ತಾರೆ. ಆದ್ದರಿಂದ ಬೀಗದ ಕೈ ಇರುವುದು ನಡೆದು ಬರುವ ದೂರದವರ ಬಳಿ ಮಾತ್ರ. ಬೆಳಗಿನ ಹೊತ್ತು ನಿವೃತ್ತರದು, ಅವರು ಹೇಗೂ ದಿನಪತ್ರಿಕೆಗಾಗಿ ಬರುವವರೇ. ಸಂಜೆಯ ಹೊತ್ತನ್ನು ಗೃಹಿಣಿಯರ ಒಂದು ಗುಂಪು ಹಂಚಿಕೊಂಡಿದೆ. ಯಾರಿಗೆ ಯಾವ ವಾರ ತಪ್ಪುತ್ತದೆ ಎಂಬುದನ್ನು ಅವರೇ ತಮ್ಮೊಳಗೆ ಸರಿಮಾಡಿಕೊಳ್ಳುತ್ತಾರೆ, ನನ್ನವರೆಗೆ ದೂರು ಬರುವುದೇ ಇಲ್ಲ. ಗಣೇಶೋತ್ಸವದಲ್ಲಿ ಹುಡುಗರು ಮಂಟಪಗಳಿಗೆ ಹೋಗುತ್ತಾರೆ, ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಪಟ್ಟಿಯೇ ಊರಿಗೆ ಹೊರಡುತ್ತದೆ. ಕೊಂಕಣ ರೈಲ್ವೆಯ ಟಿಕೆಟು ಕಾದಿರಿಸಲು ಜನ ಕುಳಿತ ವಾರದಲ್ಲೇ ನಾವು ಬೇಸಿಗೆಯ ಪಾಳಿಯನ್ನೂ ಕೇಳಿ ಬರೆದಿಡುತ್ತೇವೆ. ಅಷ್ಟಾದರೂ ಆ ಎರಡು ತಿಂಗಳು ವೇಳೆಯನ್ನು ಅರ್ಧಕ್ಕೆ ಇಳಿಸಿ ಮೊದಲೇ ಪ್ರಕಟಿಸುತ್ತೇವೆ. ಹೇಳಿದ ವೇಳೆಗೆ ತೆರೆದಿರುವ ಎರಡು ಗಂಟೆಯ ವಾಚನಾಲಯ, ತೆರೆದರೂ ತೆರೆದೀತು ಎನ್ನುವ ಆರು ಗಂಟೆಯದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಸ್ತಕಗಳ ಪಟ್ಟಿ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಸರಾಗವಾಗಿ ಆಡುತ್ತಾರೆ, ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬಹುಮಂದಿಗೆ ಕನ್ನಡ ಲಿಪಿ ಓದಲು ಬಾರದು. ಹಿರಿಯರಿಗೆ ಲಿಪಿ ಬರುತ್ತದೆ, ಕಂಪ್ಯೂಟರು ಬಾರದು. ಹೀಗಾಗಿ ಒಬ್ಬ ಹಿರಿಯರಿಗೆ ಒಬ್ಬ ಕಿರಿಯರಂತೆ ಜೋಡಿ ಮಾಡಿದೆವು. ಹಿರಿಯರು ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ ಇವನ್ನು ಓದಿ ಹೇಳುವುದು, ಕಿರಿಯರು ಫೋನೆಟಿಕ್ ಕೀಲಿಮಣೆಯಲ್ಲಿ ಟೈಪು ಮಾಡುವುದು, ಪರದೆಯ ಮೇಲೆ ಮೂಡಿದ್ದನ್ನು ಹಿರಿಯರು ಕನ್ನಡಕ ಸರಿಮಾಡಿಕೊಂಡು ತಿದ್ದುವುದು. "ಅಲ್ಲ ಮಗಾ, ಅದು ಅಲ್ಪಪ್ರಾಣ ಅಲ್ಲ, ಹೊಟ್ಟೆ ಸೀಳು" ಎಂಬ ಮಾತು ಇಡೀ ಕೋಣೆಗೆ ಕೇಳುತ್ತಿತ್ತು. ಹಳೆಯ ಪಟ್ಟಿಯೊಂದು ನುಡಿ ತಂತ್ರಾಂಶದ ಹಿಂದಿನ ಅಕ್ಷರ ವಿನ್ಯಾಸದಲ್ಲಿದ್ದು ಮೊಬೈಲಿನಲ್ಲಿ ತೆರೆದರೆ ಬರೀ ಚಿಹ್ನೆಗಳಾಗಿ ಕಾಣುತ್ತಿತ್ತು, ಅದನ್ನು ಯುನಿಕೋಡಿಗೆ ಪರಿವರ್ತಿಸಿ ಸೇರಿಸಿಕೊಂಡೆವು. ವರ್ಗೀಕರಣಕ್ಕೆ ಡ್ಯೂಯಿ ದಶಮಾಂಶ ಪದ್ಧತಿ ಬಳಸೋಣವೆಂದು ಗ್ರಂಥಾಲಯ ವಿಜ್ಞಾನ ಓದಿದ ಸದಸ್ಯೆಯೊಬ್ಬರು ಸೂಚಿಸಿದರು. ಅದರಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ನಮ್ಮ ಕಪಾಟುಗಳ ಬಹುಪಾಲು ಆ ಒಂದೇ ಸಂಖ್ಯೆಯಡಿ ಬಂದು ನಿಂತಿತು! ಕೊನೆಗೆ ಕಾದಂಬರಿ, ಕತೆ, ಕವಿತೆ, ನಾಟಕ, ಯಕ್ಷಗಾನ ಪ್ರಸಂಗ, ವೈಚಾರಿಕ, ಮಕ್ಕಳದು ಎಂದು ನೇರ ಹೆಸರಿನಲ್ಲಿಯೇ ವಿಂಗಡಿಸಿ, ಒಳಗೆ ಲೇಖಕರ ಅಕಾರಾದಿಯಲ್ಲಿ ಜೋಡಿಸಿದೆವು. ಕಾವ್ಯನಾಮಕ್ಕೂ ನಿಜನಾಮಕ್ಕೂ ಎರಡು ಕಡೆ ನಮೂದು ಇಟ್ಟುಕೊಂಡದ್ದರಿಂದ ಹುಡುಕಾಟ ಹಗುರವಾಯಿತು.

ಪುಸ್ತಕ ದಾನದ ಬಗ್ಗೆ ನಾವು ಕಠಿಣರಾಗಿದ್ದೇವೆ. ಮನೆ ಬದಲಾಯಿಸುವಾಗ ಗೋಣಿಯಲ್ಲಿ ತುಂಬಿ ಬಾಗಿಲಲ್ಲಿಟ್ಟು ಹೋಗುವವರಿದ್ದಾರೆ. ಅದರಲ್ಲಿ ಹಳೆಯ ಪಠ್ಯಪುಸ್ತಕ, ಬಿಡಿ ಮಾಸಪತ್ರಿಕೆ, ಗೆದ್ದಲು ಹಿಡಿದ ನಿಘಂಟು ಎಲ್ಲವೂ ಇರುತ್ತದೆ. ಈಗ ಮೊದಲು ಪಟ್ಟಿ ಕಳುಹಿಸಬೇಕು, ನಾವು ಬೇಕಾದದ್ದನ್ನು ಗುರುತಿಸುತ್ತೇವೆ. ಮುಂಬಯಿಯ ಜುಲೈ ತಿಂಗಳನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಒಂದು ಬೂಷ್ಟು ಹಿಡಿದ ಪುಸ್ತಕ ಒಳಗೆ ಬಂದರೆ ಸಾಲಿಗೆ ಸಾಲೇ ವಾಸನೆ ಹಿಡಿಯುತ್ತದೆ. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ ಇಟ್ಟಿದ್ದೇವೆ, ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಖಾಕಿ ಕಾಗದವನ್ನೇ ಹಾಕುತ್ತೇವೆ. ಬೈಂಡಿಂಗಿನ ಮೈದಾ ಅಂಟು ಬೆಳ್ಳಿಹುಳಕ್ಕೆ ಬಲು ಇಷ್ಟ. ನಮ್ಮ ಬೈಂಡರು ಅಂಟಿಗೆ ಚಿಟಿಕೆ ಮೈಲುತುತ್ತು ಬೆರೆಸುವ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಹೊಸ ಪುಸ್ತಕಗಳನ್ನು ನವೆಂಬರಿನಲ್ಲಿ, ರಾಜ್ಯೋತ್ಸವದ ರಿಯಾಯಿತಿ ನೋಡಿ, ಬೆಂಗಳೂರಿನಲ್ಲಿ ಖರೀದಿಸಿ ಬಸ್ಸಿನ ಪಾರ್ಸೆಲಿನಲ್ಲಿ ತರಿಸುತ್ತೇವೆ. ಯಾವುದನ್ನು ಕೊಳ್ಳಬೇಕೆಂಬುದನ್ನು ಸಮಿತಿ ನಿರ್ಧರಿಸುವುದಿಲ್ಲ, ಮೇಜಿನ ಮೇಲಿನ ಬೇಡಿಕೆ ಪುಸ್ತಕದಲ್ಲಿ ಓದುಗರು ಬರೆದದ್ದಷ್ಟೇ ಬರುತ್ತದೆ.

ಸದ್ಯ ನಮ್ಮ ಮುಂದಿರುವುದು ಕಟ್ಟಡದ ಪ್ರಶ್ನೆ. ವಾಚನಾಲಯವಿರುವ ಹಳೆಯ ಕಟ್ಟಡ ಪುನರ್‌ವಿಕಾಸಕ್ಕೆ ಹೋಗಲಿದೆ, ಹೊಸದು ಏಳುವವರೆಗೆ ನಾವು ಬೇರೆಡೆ ಇರಬೇಕು. ಎಲ್ಲ ಪುಸ್ತಕಗಳನ್ನೂ ಗೋದಾಮಿನಲ್ಲಿ ಕಟ್ಟಿಡುವ ಸಲಹೆ ಬಂದಿತ್ತು. ಕಟ್ಟಿಟ್ಟ ಗ್ರಂಥಾಲಯಕ್ಕೆ ದಿನದ ಖರ್ಚು ಕೊಡುವವರು ಯಾರೂ ಇರುವುದಿಲ್ಲವೆಂದು ನಾನು ವಿರೋಧಿಸಿದೆ. ಹೆಚ್ಚು ಓಡಾಡುವ ಕಪಾಟುಗಳನ್ನು ಹತ್ತಿರದ ಶಾಲೆಯೊಂದರ ಕೋಣೆಗೆ ಸಾಗಿಸಿ ಸಂಜೆ ಎರಡು ಗಂಟೆ ತೆರೆಯುವುದು, ಉಳಿದವನ್ನು ಪಟ್ಟಿ ಮಾಡಿ, ಸಹಿ ಪಡೆದು ಸದಸ್ಯರ ಮನೆಗಳಲ್ಲಿ ಇಡುವುದು ಎಂದು ಈಗ ತೀರ್ಮಾನವಾಗಿದೆ. ಎಂಟನೆಯ ಮಹಡಿಯ ಅಜ್ಜಿಯೊಬ್ಬರು ಯಕ್ಷಗಾನ ಪ್ರಸಂಗಗಳ ಕಪಾಟನ್ನು ತಮ್ಮ ಹಜಾರದಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಬೇಕಾದವರು ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು ಬರಬೇಕೆಂಬುದು ಅವರ ಷರತ್ತು. ಶಾಲೆಯ ಕೋಣೆಯ ಕರಾರಿನ ಕರಡು ವಕೀಲರ ಬಳಿ ಇದೆ, ಲಿಫ್ಟಿಲ್ಲದ ಕಟ್ಟಡಗಳಿಗೆ ಕಪಾಟು ಹೊರುವ ಹಮಾಲರ ಕೂಲಿಗೆ ದಾನಿಯೊಬ್ಬರನ್ನು ಹುಡುಕುತ್ತಿದ್ದೇವೆ.