ಬಾಗಲಕೋಟೆಯಿಂದ ಸೋಲಾಂಗ್‌ಗೆ: ಎರಡು ಮಕ್ಕಳು, ಒಬ್ಬ ಅತ್ತಿ ಮತ್ತು ಸ್ಕೀ

ನವನಗರದ ನಮ್ಮ ಮನೆಯಲ್ಲಿ ಜನವರಿ ಚಳಿಗೆ ಒಂದು ಕೌದಿ ಸಾಕು. ಅಂಥವರು ಹಿಮದ ಮೇಲೆ ಜಾರೋಕೆ ಹೊಂಟೀವಿ ಅಂದಾಗ ಓಣಿಯವರು ನಕ್ಕಿದ್ದರು. ಈಗ ಅವರೇ ಬಂದು ವಿವರ ಕೇಳ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ಹಿಮದಾಟಕ್ಕೆ ಕಾಶ್ಮೀರದ ಗುಲ್ಮಾರ್ಗ, ಉತ್ತರಾಖಂಡದ ಔಲಿಯ ಹೆಸರು ದೊಡ್ಡದು. ಆದರೆ ಸಣ್ಣ ಮಕ್ಕಳನ್ನ ಕಟ್ಟಿಕೊಂಡು ಮೊದಲ ಸಲ ಹೋಗೋರಿಗೆ ಹಿಮಾಚಲದ ಮನಾಲಿಯಿಂದ ಸುಮಾರು 13 ಕಿ.ಮೀ. ಮೇಲಿರುವ ಸೋಲಾಂಗ್ ಸಾಕು. ಎತ್ತರ ಸುಮಾರು 2,500 ಮೀಟರ್. ಕೆಳಗಿನ ಇಳಿಜಾರು ಬಿದ್ದರೂ ಹೆದರಿಕೆ ಆಗದಷ್ಟು ಮೆತ್ತಗಿದೆ.

ಸಂಕ್ರಮಣ ಮುಗಿದ ಮೇಲೆ, ಶಿವರಾತ್ರಿಗೆ ಮುಂಚೆ ಹೋಗ್ರಿ. ಅಲ್ಲಿನ ಹಿಮ ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಬರೋ ಮೋಡಗಳ ಕೊಡುಗೆ. ನಮ್ಮ ಮುಂಗಾರಿನ ಹಾಗೆ ಅದೂ ಕೈಕೊಡತದೆ. 2024ರ ಜನವರಿಯಲ್ಲಿ ಗುಲ್ಮಾರ್ಗದಂಥ ಗುಲ್ಮಾರ್ಗವೇ ಬೋಳಾಗಿತ್ತು. ಹಾಗಾಗಿ ರೈಲು ಟಿಕೆಟ್ ಮೊದಲೇ ಮಾಡಿಸಿ, ರೂಮು ಮಾತ್ರ ರದ್ದು ಮಾಡೋಕೆ ಬರೋದನ್ನ ಹಿಡೀರಿ.

ನಾವು ಸೊಲ್ಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದೆವು, ದಿಲ್ಲಿಯಿಂದ ಮನಾಲಿಗೆ ರಾತ್ರಿ ಬಸ್. ಬೆಳಗಾವಿಯವರಿಗೆ ಗೋವಾ ಎಕ್ಸ್‌ಪ್ರೆಸ್ ನೇರ ದಿಲ್ಲಿಯ ನಿಜಾಮುದ್ದೀನ್ ಸ್ಟೇಷನ್ನಿಗೆ ಮುಟ್ಟಿಸತದೆ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಅಮೀನಗಡದ ಕರದಂಟು ಮಾತ್ರ ರೈಲಿನಲ್ಲೇ ಖಾಲಿ ಮಾಡಬ್ಯಾಡ್ರಿ. ಹಿಮದಾಗ ಮಕ್ಕಳು ಅಳೋಕೆ ಶುರು ಮಾಡಿದಾಗ ಅದರ ಬೆಲೆ ಗೊತ್ತಾಗತದೆ.

ಬಟ್ಟೆ ವಿಷಯದಲ್ಲಿ ನಮ್ಮ ಮನೆಯವರು ಯಾರ ಮಾತೂ ಕೇಳಲಿಲ್ಲ. ಜೀನ್ಸ್ ಹಾಕಿಕೊಂಡರು. ಎರಡು ಸಲ ಬಿದ್ದಿದ್ದೇ ತಡ, ಹತ್ತಿ ಬಟ್ಟೆ ನೀರು ಕುಡಿದು, ಮಧ್ಯಾಹ್ನದ ತನಕ ಚಹಾದಂಗಡಿ ಒಲೆ ಬಿಟ್ಟು ಏಳಲಿಲ್ಲ. ಒಳಗೆ ಥರ್ಮಲ್ ಅನ್ನೋ ಮೈಗಂಟೋ ಬೆಚ್ಚನೆ ಬಟ್ಟೆ, ಅದರ ಮೇಲೆ ಉಣ್ಣೆ ಸ್ವೆಟರ್ ಹಾಕ್ರಿ. ಹೊರಗಿನ ಕೋಟು, ಪ್ಯಾಂಟು, ಗಮ್ ಬೂಟು ಕೊಳ್ಳೋದು ದಂಡ. ಸೋಲಾಂಗ್ ರಸ್ತೆಯುದ್ದಕ್ಕೂ ನಂಬರ್ ಹಾಕಿದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗ್ತಾವೆ. ಕೈಗವಸು ಮಾತ್ರ ಸ್ವಂತದ್ದು, ಅದೂ ಎರಡು ಜೊತೆ ಬೇಕು. ಕಪ್ಪು ಕನ್ನಡಕ ಮರೀಬ್ಯಾಡ್ರಿ. ಬಿಸಿಲು ಹಿಮಕ್ಕೆ ಬಡಿದು ಕೆಳಗಿನಿಂದಲೂ ಏರತದೆ, ಗದ್ದದ ಅಡಿಗೂ ಕ್ರೀಮು ಹಚ್ಚಬೇಕು. ಅತ್ತಿ ಇಳಕಲ್ ಸೀರೆ ಬಿಡೋದಿಲ್ಲ ಅಂದರು. ಒಳಗೆ ಥರ್ಮಲ್ ಹಾಕಿಸಿ, ನೆರಿಗೆ ಎತ್ತಿ ಗಮ್ ಬೂಟಿನೊಳಗೆ ತುರುಕಿದೆವು. ನಮ್ಮೆಲ್ಲರಿಗಿಂತ ಬೆಚ್ಚಗಿದ್ದವರು ಅವರೇ.

ಇನ್ನು ಸ್ಕೀ, ಅಂದರೆ ಕಾಲಿಗೆ ಉದ್ದನೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರೋದು. ಗಾಡಿ ಇಳಿಯೋದೇ ತಡ, ಹತ್ತು ಮಂದಿ ಮುತ್ತಿಕೊಂಡು "ಸ್ಕೀ ಕರೋ, ಫೋಟೋ ಲೋ" ಅಂತಾರೆ. ಮೊದಲ ದಿನ ನಾವು ಅದಕ್ಕೇ ಬಿದ್ದೆವು. ಅವರೇ ಹಿಡಕೊಂಡು ಇಪ್ಪತ್ತು ಹೆಜ್ಜೆ ಜಾರಿಸಿ, ಫೋಟೋ ತೆಗೆದು, ಮುಗೀತು ಅಂದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಗದ್ದಲ ಏಳೋದಕ್ಕೆ ಮುಂಚೆ ಹೋಗಿ, ಒಬ್ಬ ಕಲಿಸೋ ಹುಡುಗನ ಹತ್ತಿರ ಗಡಿಯಾರ ತೋರಿಸಿ ಎರಡು ತಾಸಿಗೆ ರೊಕ್ಕ ಮಾತಾಡಿದೆವು. ನೀವು ಮೊದಲ ದಿನವೇ ಹಾಗೆ ಮಾಡ್ರಿ. ಒಂದು ಇಡೀ ದಿನಕ್ಕಿಂತ ಎರಡು ಬೆಳಿಗ್ಗೆ ಮೇಲು. ಮಧ್ಯಾಹ್ನದ ಮೇಲೆ ಮಕ್ಕಳ ಕಾಲೂ ಸೋಲತಾವೆ, ಹಿಮವೂ ರಾಡಿಯಾಗತದೆ.

ಸ್ಕೀ ಬೂಟು ಬಿಗಿಯಾಗಿರಬೇಕು. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಚಳಿ ಅಂತ ಎರಡು ಸಾಕ್ಸ್ ಹಾಕಿದರೆ ರಕ್ತ ಆಡದೆ ಕಾಲು ಇನ್ನೂ ತಣ್ಣಗಾಗತದೆ. ಮೊದಲು ಬೀಳೋದು ಕಲಿಯಬೇಕು: ಹಿಂದಕ್ಕಲ್ಲ, ಮಗ್ಗುಲಿಗೆ ಕುಂತಂಗೆ. ಏಳುವಾಗ ಸ್ಕೀಗಳನ್ನ ಇಳಿಜಾರಿಗೆ ಅಡ್ಡ ಇಡದಿದ್ದರೆ ಎದ್ದ ಕೂಡಲೇ ಮತ್ತೆ ಜಾರಿಕೊಂಡು ಹೋಗ್ತೀರಿ. ನಿಲ್ಲಿಸೋಕೆ ಮುಂದಿನ ತುದಿ ಹತ್ತಿರ ತಂದು, ಹಿಮ್ಮಡಿ ಅಗಲಿಸಿ, ಮೊಣಕಾಲು ಬಗ್ಗಿಸಬೇಕು. ಹುಡುಗ ಹಿಂದಿಯಲ್ಲಿ ಎಷ್ಟು ಹೇಳಿದರೂ ನನ್ನ ಮಗನಿಗೆ ತಿಳೀಲಿಲ್ಲ. ದೂರದಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತಿ ಕೂಗಿದರು: "ಚಕ್ಕಡಿ ಮೂಕಿ ಇರತದಲ್ಲೋ ತಮ್ಮಾ, ಹಂಗ ಮುಂದ ಕೂಡಸು, ಹಿಂದ ಅಗಲ ಮಾಡು!" ಮೂರನೇ ಸಲಕ್ಕೆ ನಿಂತ. ಮಗಳು ಅಷ್ಟರೊಳಗೆ ಅಣ್ಣನಿಗಿಂತ ಕೆಳಗೆ ಹೋಗಿದ್ದಳು.

ರೋಪ್‌ವೇ ಹತ್ತಿದರೆ ನೋಟ ಚೆನ್ನ, ಆದರೆ ಅದಕ್ಕೆ ಎರಡನೇ ಮಧ್ಯಾಹ್ನ ಸಾಕು. ಬಹಳ ಹಿಮ ಬಿದ್ದ ದಿನ ಪೊಲೀಸರು ಗಾಡಿಗಳನ್ನ ದಾರಿ ನಡುವಿನ ನೆಹರೂ ಕುಂಡದಲ್ಲೇ ತಡೆದು, ನಾಲ್ಕೂ ಗಾಲಿಗೆ ಎಂಜಿನ್ ಬಲ ಇರೋ ಫೋರ್ ಬೈ ಫೋರ್ ಮಾತ್ರ ಬಿಡ್ತಾರೆ. ಅದಕ್ಕೇ ವಾಪಸ್ ರೈಲಿಗೆ ಮುಂಚೆ ಒಂದು ದಿನ ಖಾಲಿ ಇಟ್ಟುಕೊಳ್ರಿ. ನಮಗೆ ಆ ದಿನ ಉಪಯೋಗಕ್ಕೆ ಬಂತು, ಹಿಮದಿಂದಲ್ಲ. ಬಾಡಿಗೆ ಕೋಟು ಹಿಂತಿರುಗಿಸೋ ಮುಂಚೆ ಕಿಸೆ ನೋಡಲಿಲ್ಲ. ಮನಾಲಿ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅತ್ತಿಯ ಎಲಿ-ಅಡಿಕಿ ಸಂಚಿ ಅದರೊಳಗೇ ಉಳಿದದ್ದು ನೆನಪಾಯಿತು. ಟ್ಯಾಕ್ಸಿ ಮಾಡಿಕೊಂಡು ಮತ್ತೆ ಮೇಲೆ ಹೋದೆವು.