ಎಕ್ಕ-2 ಎಸೆಯಲು ಕಲಿತ ಮೇಲೆ: ಒಮಾಹಾ ಹೈ-ಲೋ, ನನ್ನ ಅನುಭವ

"ಅಲ್ಲ ಮಾರಾಯ, ಎಕ್ಕ-2 ಇಟ್ಟುಕೊಂಡು ಎಸೆದ್ಯಾ?" ಆ ಸುತ್ತು ಮುಗಿದ ಮೇಲೆ ಹೇಳಿದ್ದಕ್ಕೆ ಗೆಳೆಯ ಬೈದ. ಒಮಾಹಾ ಹೈ-ಲೋ ಅಂದರೆ ಪೋಕರಿನ ಒಂದು ಬಗೆ. ಕೈಗೆ ನಾಲ್ಕು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ (ಬೋರ್ಡ್). ಎಲ್ಲರೂ ಹಾಕಿದ ದುಡ್ಡಿನ (ಪಾಟ್) ಅರ್ಧ ಅತಿ ದೊಡ್ಡ ಕೈಗೆ (ಹೈ), ಇನ್ನರ್ಧ 8 ಮೀರದ ಬೇರೆ ಬೇರೆ ಎಲೆಗಳ ಅತಿ ಚಿಕ್ಕ ಕೈಗೆ (ಲೋ); ಲೋಗೆ ಎಕ್ಕವೇ ಅತಿ ಚಿಕ್ಕ ಎಲೆ. ಸ್ಯಾನ್ ಹೋಸೆಯಲ್ಲಿ 4-8 ಲಿಮಿಟ್ ಟೇಬಲ್, ಅಂದರೆ ಬೆಟ್ 4 ಮತ್ತು 8 ಡಾಲರಿಗೆ ನಿಗದಿ. ನನ್ನ ಕೈ ಎಕ್ಕ-2-9-9, ನಾಲ್ಕೂ ಬೇರೆ ಬೇರೆ ಸೂಟು. ಈಗಲೂ ಅದನ್ನು ಎಸೆಯುತ್ತೇನೆ.

ಮೊದಲ ಎಂಟು ತಿಂಗಳಲ್ಲಿ ಹೆಚ್ಚುಕಡಿಮೆ 1,900 ಡಾಲರ್ ಹೋಗಿತ್ತು. ಎಕ್ಕ-2 ಕಂಡರೆ ಸಾಕು, ರಿವರ್ (ಬೋರ್ಡಿನ ಕೊನೆಯ ಎಲೆ) ತನಕ ಹೋಗುತ್ತಿದ್ದೆ. ಒಂದು ರಾತ್ರಿ ಬೋರ್ಡಲ್ಲಿ ರಾಜ-8-3-7-ರಾಣಿ. ಎಕ್ಕ-2 ಇದ್ದ ನನ್ನದು ನಟ್ ಲೋ, ಅಂದರೆ ಯಾರೂ ಸೋಲಿಸಲಾಗದ ಲೋ. ಮೂವರೂ ತಲಾ 40 ಹಾಕಿದ್ದೆವು, ಪಾಟ್ 120. ಹೈ ಅರ್ಧ ಮೂರು ರಾಜರ ಪಾಲಾಯಿತು. ಇನ್ನೊಬ್ಬನ ಹತ್ತಿರವೂ ಎಕ್ಕ-2! ನನಗೆ ಬಂದದ್ದು 30. ಗೆದ್ದು 10 ಡಾಲರ್ ಕಳೆದುಕೊಂಡೆ, ರೇಕ್ (ಆಟ ನಡೆಸುವವರು ಹಿಡಿಯುವ ಪಾಲು) ಬೇರೆ. ಅವತ್ತು ನಿದ್ದೆ ಬರಲಿಲ್ಲ.

ಆಮೇಲೆ ಕೈಯನ್ನು ನೋಡುವ ರೀತಿಯನ್ನೇ ಬದಲಿಸಿದೆ. ನಾಲ್ಕು ಎಲೆಯಲ್ಲಿ ಆರು ಜೋಡಿ ಇರುತ್ತವೆ, ಕೈಯಿಂದ ಆಡಬೇಕಾದ್ದು ಎರಡೇ ಎಲೆ, ಉಳಿದ ಮೂರು ಬೋರ್ಡಿಂದ. ಹಾಗಾಗಿ ಎಷ್ಟು ಜೋಡಿ ಕೆಲಸ ಮಾಡುತ್ತವೆ ಅಂತ ಎಣಿಸುತ್ತೇನೆ. ಎಕ್ಕ-2-9-9ರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಒಂದೇ. ಎಕ್ಕ-2-3-ರಾಜ, ಎಕ್ಕ-ರಾಜ ಒಂದೇ ಸೂಟು ಅಂದರೆ ನಾಲ್ಕು: ಎಕ್ಕ-2, ಎಕ್ಕ-3, 2-3, ಎಕ್ಕ-ರಾಜ. ಬೋರ್ಡಿಗೆ 2 ಬಿದ್ದರೂ ಎಕ್ಕ-3 ಕಾಯುತ್ತದೆ. ಕೈಗೆ 7, 8, 9 ಬಂದರೆ ಅವುಗಳ ಜೋಡಿಗೆ ನನ್ನಲ್ಲಿ ಸೊನ್ನೆ.

ಯಾರೂ ನಂಬಲಿಲ್ಲ. ಊಟದ ಮೇಜಿನ ಮೇಲೆ ಒಬ್ಬನೇ ಒಂಬತ್ತು ಕೈ ಹಂಚಿ, ಮೊದಲೇ ಅಂಕ (ಕೆಲಸ ಮಾಡುವ ಜೋಡಿಗಳ ಎಣಿಕೆ) ಬರೆದಿಟ್ಟು, ಆಮೇಲೆ ಬೋರ್ಡ್ ತೆರೆದೆ. ಸುಮಾರು 300 ಸುತ್ತು, ಎರಡು ನೋಟ್‌ಬುಕ್. ಪೂರ್ತಿ ಪಾಟ್ ಬಾಚಿದ್ದು ಜಾಸ್ತಿ ನಾಲ್ಕು ಜೋಡಿಯ ಕೈಗಳೇ. ಬರೀ ಎಕ್ಕ-2 ಕೈಗಳು ಅರ್ಧವನ್ನೂ ಹಂಚಿಕೊಂಡವು. ರಾಜ-ರಾಣಿ-ಗುಲಾಮ-10 ಥರದ ಕೈಗಳಿಗೂ ಅಂಕ ಕೊಟ್ಟು ನೋಡಿದೆ. ಹತ್ತರಲ್ಲಿ ಆರು ಬೋರ್ಡಲ್ಲಿ ಲೋಗೆ ಬೇಕಾದ ಮೂರು ಎಲೆ ಬೀಳುತ್ತವೆ, ಅಲ್ವಾ? ಹಾಗಾಗಿ ಅವನ್ನು ತುಂಬಾ ಜನ ಇರುವಾಗ, ಅಗ್ಗಕ್ಕೆ ಸಿಕ್ಕರೆ ಮಾತ್ರ ಆಡುತ್ತೇನೆ.

ಮುಂದಿನ ವರ್ಷ ಸುಮಾರು 400 ಗಂಟೆ ಆಡಿದೆ. ರೇಕ್, ಟಿಪ್ ಕಳೆದು 2,300 ಡಾಲರ್ ಉಳಿಯಿತು. ಬೈದ ಗೆಳೆಯ ಈಗ ಎಣಿಸೋದು ಹೇಳಿಕೊಡು ಅನ್ನುತ್ತಾನೆ. ಯಾವ ಸೀಟಿನಲ್ಲಿ ಎಷ್ಟು ಅಂಕಕ್ಕೆ ಬೆಟ್ ಏರಿಸುತ್ತೇನೆ ಅನ್ನೋದನ್ನು ಮಾತ್ರ ಅವನಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಇದನ್ನೇ ಸ್ಟಡ್ ಹೈ-ಲೋಗೂ (ಬೋರ್ಡ್ ಇಲ್ಲದೆ, ಪ್ರತಿಯೊಬ್ಬರ ಕೆಲವು ಎಲೆ ತೆರೆದಿಟ್ಟು ಆಡುವ ಪೋಕರ್) ಹಚ್ಚಿ ನೋಡಿದೆ, ಹೊಂದಲಿಲ್ಲ. ಅಲ್ಲಿ ಎರಡೇ ಎಲೆಯ ಕಟ್ಟುಪಾಡಿಲ್ಲ. ಎದುರಿನವರ ತೆರೆದ ಎಲೆಗಳಲ್ಲಿ ನಿಮ್ಮ 3, 4 ಎಷ್ಟು ಹೋಗಿವೆ ಅನ್ನೋದೇ ಮುಖ್ಯ. 140 ಡಾಲರ್ ಹೋಯಿತು. ಮೂರನೇ ನೋಟ್‌ಬುಕ್ ಈಗ ಅದಕ್ಕೇ ಮೀಸಲು.